ಪೆನ್ಸಿಲ್ವೇನಿಯಾದಲ್ಲಿ ಗನ್ ಲೈಸೆನ್ಸ್‌ಗೆ ಯಾವ ಹಿನ್ನೆಲೆ ಮಾಹಿತಿ ಕೊಡಬೇಕು?

ಅಮೆರಿಕದಲ್ಲಿ ಈ ನಿಯಮ ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಪೆನ್ಸಿಲ್ವೇನಿಯಾದಲ್ಲಿ ಗನ್ನನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯಲು ಲೈಸೆನ್ಸ್ ಬೇಕು. ವಯಸ್ಸು 21 ಆಗಿರಬೇಕು. ಅರ್ಜಿ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಶೆರಿಫ್ ಅನ್ನುವ ಕಾನೂನು ಅಧಿಕಾರಿಗೆ ಹೋಗುತ್ತದೆ, ಫಿಲಡೆಲ್ಫಿಯಾ ನಗರದಲ್ಲಿ ಮಾತ್ರ ಪೊಲೀಸರಿಗೆ.

ಹೆಸರು, ವಿಳಾಸದ ಜೊತೆ ಲೈಸೆನ್ಸ್ ಯಾಕೆ ಬೇಕು ಅಂತಲೂ ಬರೆಯಬೇಕು. ಆತ್ಮರಕ್ಷಣೆ, ಕೆಲಸ, ಬೇಟೆ ಇವೆಲ್ಲ ಒಪ್ಪುವ ಕಾರಣಗಳೇ. ಮುಖ್ಯವಾದದ್ದು ಮುಂದಿನ ಪ್ರಶ್ನೆಗಳು: ಹಿಂದೆ ಶಿಕ್ಷೆ ಆಗಿದೆಯಾ? ಈಗ ಕೇಸ್ ನಡೆಯುತ್ತಿದೆಯಾ? ಡ್ರಗ್ಸ್ ಅಥವಾ ಕುಡಿತದ ಚಟ ಇದೆಯಾ? ಮಾನಸಿಕ ಚಿಕಿತ್ಸಾ ಕೇಂದ್ರಕ್ಕೆ ಒತ್ತಾಯದಿಂದ ದಾಖಲಿಸಿದ್ದರಾ? ಸೇನೆಯಿಂದ ಕಳಂಕ ಹೊತ್ತು ವಜಾ ಆಗಿದ್ದೀರಾ?

ಇಲ್ಲಿ ದಯವಿಟ್ಟು ಏನನ್ನೂ ಮುಚ್ಚಿಡಬೇಡಿ. ಶೆರಿಫ್ ರಾಜ್ಯ ಪೊಲೀಸರ ದಾಖಲೆಯಲ್ಲಿ ತಾಳೆ ನೋಡಿಯೇ ನೋಡುತ್ತಾರೆ. ಗೊತ್ತಿದ್ದೂ ಸುಳ್ಳು ಬರೆಯುವುದೇ ಒಂದು ಅಪರಾಧ.

ದಾಖಲೆ ಚೊಕ್ಕವಾಗಿದ್ದರೂ ಸಾಲದು. ನಿಮ್ಮ ನಡತೆ ನೋಡಿದರೆ ಜನರಿಗೆ ಅಪಾಯ ಆಗಬಹುದು ಅನ್ನಿಸಿದರೂ ಶೆರಿಫ್ ನಿರಾಕರಿಸಬಹುದು. ಈ ಅಂಶವನ್ನು ಜನ ಜಾಸ್ತಿ ಗಮನಿಸುವುದಿಲ್ಲ. ಆದರೆ ನಿರಾಕರಿಸಿದರೆ ಕಾರಣವನ್ನು ಬರಹದಲ್ಲೇ ಕೊಡಬೇಕು, ಅದು ನ್ಯಾಯವಾದ ನಿಯಮ. ತೀರ್ಮಾನಕ್ಕೆ 45 ದಿನದ ಗಡುವು ಇದೆ. ಸಿಕ್ಕ ಲೈಸೆನ್ಸ್ ಸಾಮಾನ್ಯವಾಗಿ 5 ವರ್ಷ ನಡೆಯುತ್ತದೆ.