ಗಂಟಲು ಬಿಳಿಯಾಗಿದ್ದ ಆ ಹಕ್ಕಿ ಯಾವುದು?

ಪ್ರಶ್ನೆ: ಹಕ್ಕಿ ನೋಡುವ ಹವ್ಯಾಸ ನನಗೆ ಈಚೆಗಷ್ಟೇ ಹತ್ತಿದೆ. ಕಳೆದ ವಾರ ತೊರೆಯ ನಡುವಿನ ಬಂಡೆಯ ಮೇಲೆ ಉದ್ದ ಬಾಲವನ್ನು ಎಡೆಬಿಡದೆ ಮೇಲೆ ಕೆಳಗೆ ಆಡಿಸುತ್ತಿದ್ದ, ಬಾಲದ ಬುಡದಲ್ಲಿ ಹಳದಿ ಇದ್ದ ಹಕ್ಕಿಯೊಂದನ್ನು ಕಂಡೆ. ಅದು ಬಾಲ ಕುಣಿಸುವ ಸಿಪಿಲೆ (ವ್ಯಾಗ್‌ಟೇಲ್) ಎಂದುಕೊಂಡೆ. ಆದರೆ ಪುಸ್ತಕದಲ್ಲಿರುವ ಬೂದು ಸಿಪಿಲೆಯ ಗಂಟಲು ಕಪ್ಪು, ನಾನು ಕಂಡದ್ದರ ಗಂಟಲು ಬಿಳಿ. ಅದು ಹಳದಿ ಸಿಪಿಲೆಯೇ? ಚಳಿಗಾಲದ ಹೊಸ ಹಕ್ಕಿಗಳನ್ನು ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ವಿವರಣೆಯಂತೆ ಅದು ಬಹುಮಟ್ಟಿಗೆ ಬೂದು ಸಿಪಿಲೆಯೇ. ಪುಸ್ತಕಗಳು ಸಾಮಾನ್ಯವಾಗಿ ಸಂತಾನಾಭಿವೃದ್ಧಿ ಕಾಲದ ಗಂಡುಹಕ್ಕಿಯ ಚಿತ್ರವನ್ನೇ ದೊಡ್ಡದಾಗಿ ಅಚ್ಚು ಹಾಕುತ್ತವೆ. ಆ ಕಾಲ ಮುಗಿದ ಮೇಲೆ ಗಂಡು ಹಳೆಯ ಗರಿಗಳನ್ನು ಉದುರಿಸಿ, ಗಂಟಲಿನ ಕಪ್ಪನ್ನು ಕಳೆದುಕೊಂಡು, ಬಿಳಿ ಗಂಟಲಿನೊಂದಿಗೆ ಚಳಿಗಾಲವನ್ನು ಕಳೆಯುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಪುಸ್ತಕದಲ್ಲಿ ಪಕ್ಕಕ್ಕೆ ಚಿಕ್ಕದಾಗಿ ಕೊಟ್ಟಿರುವ ಚಳಿಗಾಲದ ಮತ್ತು ಮರಿಹಕ್ಕಿಯ ಚಿತ್ರಗಳನ್ನು ತಪ್ಪದೆ ನೋಡಿರಿ.

ಹಳದಿ ಸಿಪಿಲೆಯೊಂದಿಗಿನ ಗೊಂದಲಕ್ಕೆ ಕಾಲುಗಳೇ ಒಳ್ಳೆಯ ಸಾಕ್ಷಿ. ಹಳದಿ ಸಿಪಿಲೆಯ ಕಾಲು ಕಪ್ಪಾಗಿದ್ದರೆ ಬೂದು ಸಿಪಿಲೆಯದು ನಸುಗೆಂಪು ಬೆರೆತ ಕಂದು. ಬೂದು ಸಿಪಿಲೆಯ ಬೆನ್ನು ಹೆಸರಿಗೆ ತಕ್ಕಂತೆ ಬೂದು, ಬಾಲ ಬಲು ಉದ್ದ. ಚಳಿಗಾಲದಲ್ಲಿ ಎದೆಯ ಹಳದಿ ಮಾಸಿದರೂ ಬಾಲದ ಬುಡದ ಹಳದಿ ಎದ್ದು ಕಾಣುತ್ತದೆ. ಹರಿಯುವ ನೀರಿನ ಬಂಡೆಗಳು ಅದಕ್ಕೆ ಅಚ್ಚುಮೆಚ್ಚು. ಹಳದಿ ಸಿಪಿಲೆಯನ್ನಾದರೋ ತೇವದ ಹುಲ್ಲುಗಾವಲಿನಲ್ಲಿ, ಮೇಯುವ ದನಗಳ ಕಾಲ ಬಳಿ ಕಾಣುವುದೇ ಹೆಚ್ಚು.

ಇನ್ನು ಹೊಸ ಹಕ್ಕಿಗಳನ್ನು ಗುರುತಿಸಲು ಬೆಳೆಸಿಕೊಳ್ಳಬೇಕಾದ ರೂಢಿಯ ಮಾತು. ಹಕ್ಕಿ ಕಣ್ಣೆದುರು ಇರುವಾಗ ಪುಸ್ತಕ ತೆರೆಯಬೇಡಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಪುಟ ತಿರುವುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ಅಷ್ಟೇ ಅಲ್ಲ, ಒಮ್ಮೆ ಚಿತ್ರ ಕಂಡ ಮೇಲೆ ನಮ್ಮ ನೆನಪು ಆ ಚಿತ್ರದಂತೆಯೇ ತಿದ್ದಿಕೊಳ್ಳುತ್ತದೆ. ಅದು ಹಾರಿಹೋಗುವವರೆಗೂ ನೋಡಿ, ಕೂಡಲೇ ಟಿಪ್ಪಣಿ ಪುಸ್ತಕದಲ್ಲಿ ಒರಟಾದ ರೇಖಾಚಿತ್ರವೊಂದನ್ನು ಬರೆದು, ಕೊಕ್ಕು, ಹುಬ್ಬಿನ ಗೆರೆ, ರೆಕ್ಕೆಯ ಪಟ್ಟೆ, ಕಾಲು ಇವುಗಳ ಬಣ್ಣವನ್ನು ಬಾಣದ ಗುರುತಿನಿಂದ ತೋರಿಸಿರಿ. ಗಾತ್ರವನ್ನು ಗುಬ್ಬಚ್ಚಿಗೆ ಇಲ್ಲವೇ ಕಾಗೆಗೆ ಹೋಲಿಸಿರಿ. ಆದರೆ ಚಳಿಗೆ ಗರಿ ಉಬ್ಬಿಸಿ ಕುಳಿತ ಹಕ್ಕಿ ಇದ್ದುದಕ್ಕಿಂತ ದಪ್ಪಗೆ ಕಾಣುವುದರಿಂದ, ಅದು ಗರಿಗಳನ್ನು ಒತ್ತಾಗಿಸಿಕೊಂಡು ಓಡಾಡುವವರೆಗೆ ಗಾತ್ರವನ್ನು ನಿರ್ಧರಿಸಬೇಡಿರಿ. ಸೂರ್ಯ ನಿಮ್ಮ ಬೆನ್ನಿಗಿರಲಿ. ಎದುರು ಬೆಳಕಿನಲ್ಲಿ ಹಳದಿಯೂ ಕಪ್ಪಾಗಿ ಕಾಣುತ್ತದೆ. ದುರ್ಬೀನು ಕೊಳ್ಳುವುದಾದರೆ 8×42 ಸಾಕು: 8 ಪಟ್ಟು ಹಿಗ್ಗಿಸುತ್ತದೆ, 42 ಮಿಲಿಮೀಟರ್ ಮಸೂರ ಮಂಜಿನ ಬೆಳಗಿನಲ್ಲೂ ಸಾಕಷ್ಟು ಬೆಳಕನ್ನು ಒಳಬಿಡುತ್ತದೆ.

ಎಲೆಗಳ ನಡುವೆ ಸುಳಿಯುವ ಹಸಿರು ಛಾಯೆಯ ಪುಟ್ಟ ಉಲಿಯಕ್ಕಿಗಳನ್ನು (ವಾರ್ಬ್ಲರ್) ಸದ್ಯಕ್ಕೆ ಬದಿಗಿಡಿರಿ. ಅವುಗಳ ಕೆಲವು ಜಾತಿಗಳನ್ನು ಅನುಭವಿಗಳೂ ಕೂಗಿನಿಂದಲೇ ಬೇರ್ಪಡಿಸುತ್ತಾರೆ.

ಬೂದು ಸಿಪಿಲೆ ಚಳಿಗಾಲವಿಡೀ ತೊರೆಯ ಒಂದೇ ಭಾಗವನ್ನು ತನ್ನದಾಗಿಸಿಕೊಂಡು ಉಳಿಯುವುದುಂಟು. ನಾಳೆ ಬೆಳಿಗ್ಗೆ ಅದೇ ಬಂಡೆಯ ಬಳಿಗೆ ಹೋಗಿ, ಈ ಬಾರಿ ಮೊದಲು ಕಾಲುಗಳನ್ನು ನೋಡಿರಿ.