ಮೇಂಟೆನೆನ್ಸ್ ಬಂದ್ ಮಾಡಿದ್ರ ಮಗನ್ನ ತೋರಸ್ತಾರೇನು?

ರೊಕ್ಕಾ ಮಾತ್ರ ನಿಲ್ಲಸಬ್ಯಾಡ್ರಿ. ನೀವು ಬಾಗಲಕೋಟ್ಯಾಗ, ಮಗ ಅವರ ತಾಯಿ ಜೋಡಿ ವಿಜಯಪುರದಾಗ, 4 ತಿಂಗಳಾತು ಮಾರಿ ತೋರಸಿಲ್ಲ, ಅದಕ್ಕ ತಿಂಗಳಾ ಹಾಕೂ ಮೇಂಟೆನೆನ್ಸ್ (ಜೀವನಾಂಶ) ಬಂದ್ ಮಾಡಿದ್ರ ಅವರು ದಾರಿಗೆ ಬರತಾರೇನು ಅಂತ ಕೇಳೀರಿ. ಈ ಶಾಣ್ಯಾತನಾ ನಾನೂ ಮಾಡೀನಿ, ಅದಕ್ಕ ಹೇಳಾಕತ್ತೀನಿ.

ನನಗ ತಿಂಗಳಿಗೆ 8,000 ಆರ್ಡರ್ ಆಗಿತ್ತು. ಮಗಳನ್ನ ಭೇಟಿ ಮಾಡಸವಲ್ರು ಅಂತ ಸಿಟ್ಟಿಗೆದ್ದು 5 ತಿಂಗಳು ಹಾಕಲೇ ಇಲ್ಲ. ಹೆಂಡತಿ ವಸೂಲಿಗೆ ಅರ್ಜಿ ಹಾಕಿದಳು, ನಾನು ತಾರೀಖಿಗೆ ಹೋಗಲಿಲ್ಲ, ವಾರಂಟ್ ಬಂತು. ಟಿಕೋಟಾ ಕಡೆ ನಮ್ಮ ತ್ವಾಟದಾಗ ದ್ರಾಕ್ಷಿ ಒಣಗಸೂ ಟೈಮು, ಆಳು ಮಂದಿ ಎಲ್ಲಾ ನೋಡಕೋತ ನಿಂತಾಗ ಪೊಲೀಸ್ರು ಬಂದ್ರು, ನಮ್ಮಪ್ಪನ ಮಾರಿ ಅವತ್ತ ನೋಡಾಕ ಆಗಲಿಲ್ಲ. ಕೋರ್ಟ್‌ನ್ಯಾಗ ನಿಂತು ಮಗಳನ್ನ ತೋರಸವಲ್ರು ಸಾಹೇಬ್ರ ಅಂದೆ. ಅದಕ್ಕ ನಿಮ್ಮ ಅರ್ಜಿ ಎಲ್ಲೈತಿ ಅಂದ್ರು. ಅರ್ಜೀನ ಹಾಕಿರಲಿಲ್ಲ! ಎರಡು ವರ್ಷ ಊರ ಮಂದಿ ಮುಂದೆಲ್ಲಾ ಹೇಳಕೋತ ತಿರಗಿದ್ದೆ, ಹೇಳಬೇಕಾದಲ್ಲಿ ಒಂದ ಹಾಳಿನೂ ಕೊಟ್ಟಿರಲಿಲ್ಲ. 40,000 ಸಾಲಾ ಮಾಡಿ ತುಂಬಿದೆ. ತುಂಬಲಿಲ್ಲಂದ್ರ ಬಾಕಿ ಇರೂ ಒಂದೊಂದು ತಿಂಗಳಿಗೆ ಒಂದು ತಿಂಗಳ ತನಕಾ ಜೈಲಿಗೆ ಹಾಕಬಹುದು, ಜೈಲಿಗೆ ಹೋಗಿಬಂದ್ರೂ ಆ ಬಾಕಿ ಹರಿಯೂದಿಲ್ರಿ, ಹಂಗ ಇರತೈತಿ.

ಈಗ ನಿಮ್ಮ ಕೆಲಸ. ಡೈವೋರ್ಸ್ ಕೇಸ್ ನಡದಿದ್ರ ಅದರಾಗ ಹಿಂದೂ ವಿವಾಹ ಕಾಯ್ದೆ ಸೆಕ್ಷನ್ 26ರ ಕೆಳಗ ಭೇಟಿಗೆ ಅರ್ಜಿ ಹಾಕ್ರಿ. ಬರೇ ಮೇಂಟೆನೆನ್ಸ್ ಕೇಸ್ (ಹಳೇ ಸಿಆರ್‌ಪಿಸಿ ಸೆಕ್ಷನ್ 125, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅಂದ್ರ ಬಿಎನ್‌ಎಸ್‌ಎಸ್ ಸೆಕ್ಷನ್ 144) ಇದ್ರ ಅದರಾಗ ಇದು ಕೇಳಾಕ ಬರೂದಿಲ್ಲ, ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ (ಮಕ್ಕಳ ಪಾಲನಿ ಕಾಯ್ದೆ) ಕೆಳಗ ಬ್ಯಾರೆ ಹಾಕಬೇಕು, ಅದೂ ಮಗ ಇರೂ ವಿಜಯಪುರದಾಗ, ಬಾಗಲಕೋಟ್ಯಾಗ ಅಲ್ಲ. ಕೇಸ್ ಮುಗಿಯೂ ತನಕಾ ಕಾಯಬ್ಯಾಡ್ರಿ, ಮಧ್ಯಂತರ ಭೇಟಿ ಮೊದಲ ಕೇಳ್ರಿ.

ಕೇಳೂ ಮುಂದ ವಕೀಲರ ಮ್ಯಾಲೆ ಬಿಟ್ಟು ಕುಂಡರಬ್ಯಾಡ್ರಿ. ನಮ್ಮದು ಮೊದಲನೇ ಆರ್ಡರ್‌ನ್ಯಾಗ "ಅನುಕೂಲ ಇದ್ದಾಗ ಭೇಟಿ" ಅಂತ ಇತ್ತು. ಯಾರ ಅನುಕೂಲ? ಆಕಿ ಅನುಕೂಲ ಯಾವತ್ತೂ ಬರಲೇ ಇಲ್ಲ. ಆಮ್ಯಾಲೆ ಕೋರ್ಟಿನ ಕೌನ್ಸೆಲರ್ ಮುಂದ ಕುಂತು ಎಲ್ಲಾ ಬಿಡಿಸಿ ಬರಿಸಿದ್ವಿ, ತಿಂಗಳಿನ ಎರಡನೇ ನಾಲ್ಕನೇ ಐತವಾರ ಮುಂಜಾನೆ 10ರಿಂದ ಸಂಜಿ 5, ಗೋಳಗುಮ್ಮಟದ ಗೇಟ್ ಹತ್ರ ಕರಕೊಂಡು ಅಲ್ಲೇ ವಾಪಸ್ ಬಿಡೂದು, ಬುಧವಾರ ಸಂಜಿ 7ಕ್ಕ ವಿಡಿಯೋ ಕಾಲ್, ಸಂಕ್ರಮಣದ ಸಿದ್ಧೇಶ್ವರ ಜಾತ್ರಿ ಒಂದು ವರ್ಷ ನನ್ನ ಜೋಡಿ ಒಂದು ವರ್ಷ ಆಕಿ ಜೋಡಿ, ದಸರಾ ಸೂಟಿ ಅರ್ಧಾ ಅರ್ಧಾ, ಹುಡುಗಿಗೆ ಜ್ವರ ಬಂದ್ರ ಮುಂದಿನ ಐತವಾರ. ಓದಿದ್ರ ನಗು ಬರತೈತಿ, ಆದ್ರ ಜಗಳ ಹುಟ್ಟತಿದ್ದುದ ಆ ಸಣ್ಣ ಸಣ್ಣದರಾಗ.

ಇನ್ನ ರೊಕ್ಕದ್ದು. ಸುಪ್ರೀಂ ಕೋರ್ಟ್ 2020ರ ನವೆಂಬರ್‌ದಾಗ ರಜನೇಶ್ ವಿರುದ್ಧ ನೇಹಾ ಅನ್ನೂ ಮೇಂಟೆನೆನ್ಸ್ ಕೇಸ್‌ನ್ಯಾಗ ಹೇಳಿದ ಮ್ಯಾಲೆ ಇಬ್ಬರೂ ಆಸ್ತಿ, ಆದಾಯ, ಖರ್ಚಿನ ಅಫಿಡವಿಟ್ ಕೊಡಬೇಕು, ಬ್ಯಾಸಾಯದವರಿಗೆ ಅದರ ನಮೂನೆ ಬ್ಯಾರೇನ ಐತಿ. ಸುಳ್ಳ ಬರೀಬ್ಯಾಡ್ರಿ. ನಾನು ದ್ರಾಕ್ಷಿ ರೊಕ್ಕ ಮುಚ್ಚಿಟ್ಟಿದ್ದೆ, ಅವರ ವಕೀಲರು ಬ್ಯಾಂಕ್ ಪಾಸ್‌ಬುಕ್ ತೆಗೆಸಿದ್ರು, ಅವತ್ತಿಂದ ನಾನು ಖರೇ ಹೇಳಿದ್ದೂ ಯಾರೂ ನಂಬಲಿಲ್ಲ. ನಿಮ್ಮ ಗಳಿಕಿ ಖರೇನ ಕಡಿಮಿ ಆಗಿದ್ರ ಮೊತ್ತ ಇಳಸಾಕ ಬಿಎನ್‌ಎಸ್‌ಎಸ್ ಸೆಕ್ಷನ್ 146ರಾಗ ಅರ್ಜಿ ಹಾಕ್ರಿ, ಆರ್ಡರ್ ಬದಲಾಗೂ ತನಕಾ ಹಳೇದ ಹಾಕಕೋತ ಇರ್ರಿ, ಕೈಯಾಗ ಕೊಡಬ್ಯಾಡ್ರಿ, ಖಾತೆಗೇ ಹಾಕ್ರಿ. ನಾನು ಎರಡು ಸಲ ಮಾವನ ಕೈಯಾಗ ಕೊಟ್ಟು ಪುರಾವೆ ಇಲ್ಲದ ಮತ್ತ ಕೊಟ್ಟೀನಿ.

ಭೇಟಿ ಶುರು ಆದ್ರೂ ಮಗ ಓಡಿಬಂದು ತಬ್ಬಿಕೊಂತಾನ ಅಂತ ತಿಳಕೋಬ್ಯಾಡ್ರಿ. ನನ್ನ ಮಗಳು ಮೊದಲ ಮೂರು ಐತವಾರ ನನ್ನ ಜೋಡಿ ಮಾತ ಆಡಲಿಲ್ಲ, ಗುಮ್ಮಟದ ಹುಲ್ಲಿನ ಮ್ಯಾಲೆ ಕುಂತು ಶೇಂಗಾ ತಿಂದು ಹೋಗತಿದ್ದಳು. ನಾಲ್ಕನೇ ಸಲ ಸಿಪ್ಪಿ ಸುಲದು ಎರಡು ಕಾಳು ನನ್ನ ಕೈಯಾಗ ಇಟ್ಟಳು.