ಭೂಮಾಪಕರನ್ನು ಕೇಳಿ: ಬೈಪಾಸ್ ಬಂದರೆ ಕಾಲುವೆ ನೀರು ಎತ್ತ ಹೋಗಬೇಕು?

ಪ್ರಶ್ನೆ: ಸಿಂಧನೂರಿನಿಂದ ನಾಲ್ಕು ಕಿ.ಮೀ. ದೂರದಲ್ಲಿ ನಮ್ಮದು ಐದು ಎಕರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತೇವೆ. ಹೋದ ತಿಂಗಳು ಯಾರೋ ಬಂದು ಯಂತ್ರ ಇಟ್ಟು ಅಳೆದು, ಬದುವಿನ ಮೇಲೆ ಬಣ್ಣ ಹಚ್ಚಿದ ಕಲ್ಲು ನೆಟ್ಟು ಹೋದರು. ಬೈಪಾಸ್ ರಸ್ತೆ ಹೊಲದ ನಡುವೆಯೇ ಹಾದುಹೋಗುತ್ತದಂತೆ. ಎಕರೆಗೆ ಎಷ್ಟು ಸಿಗಬಹುದು? ಈಗಲೇ ಮಾರಿಬಿಡಿ ಎಂದು ಬೆನ್ನು ಬಿದ್ದವರೂ ಇದ್ದಾರೆ. ಪಹಣಿ ಇನ್ನೂ ತೀರಿಕೊಂಡ ನಮ್ಮ ತಂದೆಯ ಹೆಸರಿನಲ್ಲಿದೆ.
– ಒಬ್ಬ ರೈತ, ಸಿಂಧನೂರು ತಾಲ್ಲೂಕು

ಉತ್ತರ: ತಮ್ಮಾ, ಕಲ್ಲು ನೆಟ್ಟ ಮಾತ್ರಕ್ಕೆ ಹೊಲ ಹೋಗುವುದಿಲ್ಲ. ಎರಡು ಮೂರು ಕಡೆ ಗೆರೆ ಎಳೆದು, ಯಾವುದು ಅಗ್ಗ, ಯಾವುದು ಸುಲಭ ಎಂದು ನೋಡುವುದು ಅವರ ಕೆಲಸ. ನಿನ್ನ ಲೆಕ್ಕ ಶುರುವಾಗುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಮಿನಡಿ, ಜಮೀನು ಬೇಕೆಂದು ಸರ್ಕಾರ ಮೊದಲು ತಿಳಿಸುವ ಅಧಿಸೂಚನೆ ಹೊರಟ ದಿನ. ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದು ಇಲ್ಲಿನ ಭಾಷೆಯದೇ ಆಗಿರಬೇಕು. ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ತಕರಾರು ಅರ್ಜಿ ಕೊಡಬೇಕು. ಆಮೇಲೆ 3ಡಿ ಘೋಷಣೆ ಬಂದರೆ ಜಮೀನು ಕೇಂದ್ರ ಸರ್ಕಾರದ್ದು. ಒಂದು ವರ್ಷದೊಳಗೆ 3ಡಿ ಬರದಿದ್ದರೆ 3ಎ ತಾನೇ ಬಿದ್ದುಹೋಗುತ್ತದೆ. ಹೀಗಿರುವಾಗ ಯಾರದೋ ಮಾತು ಕೇಳಿ ಇವತ್ತೇ ಮಾರುವ ಆತುರವೇನು?

ಬೆಲೆ ಕೇಳಿದ್ದೀಯ. 3ಎ ಹೊರಟ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯುತ್ತಾರೆ. ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಎಷ್ಟಿದೆ, ಹಿಂದಿನ ಮೂರು ವರ್ಷಗಳಲ್ಲಿ ಸುತ್ತಮುತ್ತ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆ ಇರುವ ಅರ್ಧದಷ್ಟು ಪತ್ರಗಳ ಸರಾಸರಿ ಎಷ್ಟಿದೆ ಎಂದು ನೋಡಿ, ದೊಡ್ಡದನ್ನು ತೆಗೆದುಕೊಳ್ಳುತ್ತಾರೆ. ಅದನ್ನು ಹಳ್ಳಿಯ ಜಮೀನಾದರೆ ನಗರದಿಂದ ಎಷ್ಟು ದೂರ ಎಂದು ನೋಡಿ 1ರಿಂದ 2ರವರೆಗಿನ ಗುಣಕದಿಂದ ಹೆಚ್ಚಿಸಿ, ಬಂದ ಮೊತ್ತಕ್ಕೆ ನೂರಕ್ಕೆ ನೂರು ಸೊಲೇಷಿಯಂ, ಅಂದರೆ ಸಾಂತ್ವನ ಧನ, ಸೇರಿಸುತ್ತಾರೆ. ಎಕರೆಗೆ 10 ಲಕ್ಷ, ಗುಣಕ ಒಂದೂವರೆ ಎಂದುಕೊಂಡರೆ 30 ಲಕ್ಷ. ನಗರಸಭೆ ಗಡಿಯೊಳಗೆ ಬಿದ್ದ ಜಮೀನಿಗೆ ಗುಣಕ 1 ಮಾತ್ರ, ಆದ್ದರಿಂದ ನಿನ್ನ ಸರ್ವೆ ನಂಬರ್ ಗಡಿಯ ಯಾವ ಕಡೆ ಇದೆ ಎಂದು ಮೊದಲು ನೋಡಿಕೋ. ಇನ್ನೊಂದು ಕಹಿ ಮಾತು: ಮುದ್ರಾಂಕ ಶುಲ್ಕ ಉಳಿಸಲೆಂದು ಊರಿಗೆ ಊರೇ ಕ್ರಯಪತ್ರದಲ್ಲಿ ಕಡಿಮೆ ಬೆಲೆ ಬರೆಸಿರುತ್ತದೆ. ಆ ಚೀಟಿಗಳೇ ಈಗ ಎದುರು ನಿಂತು ಸಾಕ್ಷಿ ಹೇಳುತ್ತವೆ.

ನೀನು ಕೇಳದೇ ಬಿಟ್ಟದ್ದು ನೀರಿನ ಮಾತು. ನನ್ನ ತಂದೆಯೂ ಕೇಳಿರಲಿಲ್ಲ. ಮಾನ್ವಿ ತಾಲ್ಲೂಕಿನ ನಮ್ಮ ಗದ್ದೆಯ ನಡುವೆ ರಸ್ತೆ ಬಂದಾಗ ಅವರು ದುಡ್ಡಿಗಾಗಿ ಕಚೇರಿಗೆ ಅಲೆದರು, ಬಡಿದಾಡಿದರು, ಸಿಕ್ಕಿತು. ಹೊಲಗಾಲುವೆಗೆ ರಸ್ತೆಯಡಿ ಪೈಪ್ ಹಾಕಿದರು, ಆದರೆ ಕಾಲುವೆಯ ತಳಕ್ಕಿಂತ ಒಂದು ಗೇಣು ಮೇಲೆ. ಗುತ್ತಿಗೆದಾರನ ಕೂಲಿಗಳಿಗೆ ನೀರಿನ ಮಟ್ಟ ಹೇಳಿದವರಿಲ್ಲ. ನೀರು ಒಂದು ಗೇಣು ತುಂಬುವವರೆಗೆ ದಾಟುತ್ತಿರಲಿಲ್ಲ. ಮೇಲಿನ ಮಡಿಯಲ್ಲಿ ನೀರು ನಿಂತು ಸಸಿ ಕೊಳೆಯಿತು, ಕೆಳಗಿನ ಮಡಿ ಬಿರುಕು ಬಿಟ್ಟಿತು. ಅದೇ ವರ್ಷ ನಾನು ಊರೂರಿಗೆ 33 ಅಡಿ ಸರಪಳಿ ಹೊತ್ತು ಬೇರೆಯವರ ಹೊಲ ಅಳೆಯುತ್ತಿದ್ದೆ. ಅಪ್ಪ ಬೈಯ್ಯಲೂ ಇಲ್ಲ. ಪೈಪಿನ ಬಾಯಿಗೆ ಗೋಣಿಚೀಲ ತುರುಕಿ ನೀರು ತಡೆದು, ಒಡೆದು, ಮತ್ತೆ ತಡೆದು ಎರಡು ಹಂಗಾಮು ಕಳೆದರು.

ಆದ್ದರಿಂದ ತಕರಾರು ಅರ್ಜಿಯಲ್ಲಿ ‘ನಮಗೆ ಅನ್ಯಾಯವಾಗುತ್ತದೆ’ ಎಂಬ ಗೋಳು ಬೇಡ. ಯಾವ ಉಪಕಾಲುವೆ, ಎಷ್ಟನೇ ತೂಬು, ನಿನ್ನ ನಂತರ ಎಷ್ಟು ಎಕರೆಗೆ ಆ ನೀರು ಹೋಗುತ್ತದೆ, ಕಾಲುವೆಯ ತಳ ಎಲ್ಲಿದೆ ಎಂದು ಬರೆ. ನಿನ್ನ ಕೆಳಗಿನ ರೈತರ ಸಹಿ ಹಾಕಿಸು. ಭತ್ತ ಕೊಯ್ಯುವ ಯಂತ್ರ ಆಚೆ ಬದಿಗೆ ಹೇಗೆ ಹೋಗಬೇಕೆಂದೂ ಕೇಳು. ಹೆದ್ದಾರಿಗೆ ಸಾಮಾನ್ಯವಾಗಿ 60 ಮೀಟರ್ ಅಗಲ ಹಿಡಿಯುತ್ತಾರೆ. ನಿನ್ನ ಹೊಲದಲ್ಲಿ 100 ಮೀಟರ್ ಉದ್ದ ಹಾದರೆ ಸುಮಾರು 1 ಎಕರೆ 19 ಗುಂಟೆ ಹೋಯಿತು. ಉಳಿದದ್ದು ಎರಡು ಚೂರು. ಹೊಲ ಹೀಗೆ ತುಂಡಾದ ನಷ್ಟಕ್ಕೂ ಅದೇ ಕಾಯ್ದೆಯ 3ಜಿ ಕಲಮಿನಡಿ ಪರಿಹಾರ ಕೇಳಬಹುದು. ಬೇಡಿಕೆ ಬರೆಯುವಾಗ ಹೆಚ್ಚಿನವರು ಮರೆಯುವುದು ಇದನ್ನೇ.

ಪಹಣಿ ವಿಷಯಕ್ಕೆ ನಾಳೆಯೇ ನಾಡಕಚೇರಿಗೆ ಹೋಗು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು, ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ ಹಾಕು. ಅಕ್ಕತಂಗಿಯರ ಹೆಸರು ಬಿಡಬೇಡ. ಬಿಟ್ಟರೆ ಪರಿಹಾರದ ಹಣ ನ್ಯಾಯಾಲಯದ ಬಾಗಿಲಲ್ಲಿ ಕೂರುತ್ತದೆ. ಹೊಲ ನೀರಾವರಿ ಆಗಿದ್ದರೂ ಪಹಣಿಯಲ್ಲಿ ಖುಷ್ಕಿ (ಮಳೆಯಾಶ್ರಿತ) ಎಂದು ಉಳಿದಿದ್ದರೆ ಅದನ್ನೂ ಈಗಲೇ ತಿದ್ದಿಸು.

ಪ್ರಶ್ನೆ: ಊರೊಳಗಿನ ಹೆದ್ದಾರಿಯ ಪಕ್ಕ ನನ್ನದು ಒಗ್ಗರಣೆ, ಮಿರ್ಚಿ ಅಂಗಡಿ. ಗಿರಾಕಿಗಳೆಲ್ಲ ಲಾರಿಯವರು. ಬೈಪಾಸ್ ಆದರೆ ಅಲ್ಲಿಗೇ ಅಂಗಡಿ ಕೊಂಡೊಯ್ಯಲೇ?
– ಒಬ್ಬ ತಾಯಿ, ಸಿರುಗುಪ್ಪ

ಉತ್ತರ: ತಾಯೀ, ಲಾರಿಯವರು ಹೋಗುತ್ತಾರೆ, ಸುಳ್ಳು ಹೇಳುವುದಿಲ್ಲ. ಬಸ್ಸು ಮಾತ್ರ ನಿಲ್ದಾಣಕ್ಕೆ ಬರಲೇಬೇಕು. ಹೋಗುವುದಾದರೂ ಹೆದ್ದಾರಿಯ ಅಂಚಿಗೇ ಜಾಗ ಕೊಳ್ಳಬೇಡಿ. ಹಳೆಯ ರಸ್ತೆ ಬೈಪಾಸನ್ನು ಕೂಡುವ ಜಾಗದಲ್ಲಿ ಮೇಲ್ಸೇತುವೆ ಬಂದರೆ ಲಾರಿ ನಿಮ್ಮ ಬಾಣಲೆಯ ಹೊಗೆಯ ಮೇಲೆಯೇ ಹಾದುಹೋಗುತ್ತದೆ, ಇಳಿಯುವುದಿಲ್ಲ. ಸರ್ವಿಸ್ ರಸ್ತೆ ಎಲ್ಲಿ ಇಳಿಯುತ್ತದೆ ಎಂದು ನಕ್ಷೆ ನೋಡಿ. ಹೆದ್ದಾರಿಗೆ ದಾರಿ ತೆಗೆಯಲು 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ (ಭೂಮಿ ಮತ್ತು ಸಂಚಾರ) ಕಾಯ್ದೆಯಡಿ ಅನುಮತಿ ಬೇಕು, ಕೃಷಿ ಜಮೀನಾದರೆ ಭೂಪರಿವರ್ತನೆಯೂ ಬೇಕು. ಮೊದಲೊಂದು ವರ್ಷ ತಳ್ಳುಗಾಡಿಯಲ್ಲಿ ನೋಡಿ. ಹಳೆಯ ಅಂಗಡಿಯ ಬೀಗ ಮಗನ ಕೈಯಲ್ಲಿರಲಿ.

ಪ್ರಶ್ನೆ: ನೇರ ಹೋಗಬೇಕಾದ ಬೈಪಾಸಿನ ಗೆರೆ ಗುಡ್ಡದ ಹತ್ತಿರ ಸೊಟ್ಟಗಾಗಿದೆ. ಯಾರೋ ದೊಡ್ಡವರ ಹೊಲ ಉಳಿಸಲು ಹೀಗೆ ಮಾಡಿದ್ದಾರೆಯೇ?
– ಓದುಗ, ಮಸ್ಕಿ

ಉತ್ತರ: ಆಗಿರಲೂಬಹುದು. ಆದರೆ ನಿಮ್ಮ ಗುಡ್ಡದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಬೆಳಕಿಗೆ ಬಂದ ಅದರಲ್ಲಿ ಅರಸನ ಹೆಸರೇ ಸ್ಪಷ್ಟವಾಗಿ ಕೆತ್ತಿದೆ. ಇಂಥ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಕಟ್ಟುವುದಕ್ಕೆ ನಿಷೇಧ, ಅಲ್ಲಿಂದಾಚೆ 200 ಮೀಟರ್ ಅನುಮತಿ ಬೇಕು. ಮೊದಲು ಅಲ್ಲಿಂದ ಅಳೆಯಿರಿ. ಆಮೇಲೂ ಗೆರೆ ಸೊಟ್ಟಗೇ ಕಂಡರೆ ದೊಡ್ಡವರ ಸರ್ವೆ ನಂಬರ್ ಬರೆದು ಕಳುಹಿಸಿ, ಟಿಪ್ಪಣಿ (ಸರ್ವೆಯ ಮೂಲ ಅಳತೆ ದಾಖಲೆ) ತೆಗೆಸಿ ನೋಡೋಣ.